ಶಿವಗಂಗಮ್ಮನ ಬಿಕ್ಕಳಿಕೆ

ನಮ್ಮ ಊರಿನಲ್ಲಿ ಯಾರಾದರೂ ನಿಮ್ಮನ್ನು ನೆನೆಸಿಕೊಂಡರೆ ನಿಮಗೆ ಬಿಕ್ಕಳಿಕೆ ಬರುತ್ತದೆ. ಬೇರೆ ಊರುಗಳಲ್ಲಿ ಇದನ್ನು ಬರೀ ಮಾತಿಗೆ ಹೇಳುತ್ತಾರಂತೆ. ನಮ್ಮಲ್ಲಿ ನಿಜವಾಗಿಯೂ ಬರುತ್ತದೆ. ಹೆಸರು ಸುಮ್ಮನೆ ತಲೆಯಲ್ಲಿ ಹಾದುಹೋದರೆ ಏನೂ ಆಗುವುದಿಲ್ಲ. ಮನಸ್ಸು ಒಬ್ಬರ ಮೇಲೆ ಒಂದು ಗಳಿಗೆ ಕೂತಿತೋ, ಅವರು ಎಲ್ಲಿದ್ದರೂ ಬಿಕ್ಕುತ್ತಾರೆ. ಹೊಳೆಯ ಸೇತುವೆ ದಾಟಿ ಆಚೆ ಹೋದವರಿಗೆ ಈ ಕಾಟವಿಲ್ಲ. ಈಚೆಗಿರುವ ನಾವು ಇದಕ್ಕೆ ಹೊಂದಿಕೊಂಡಿದ್ದೇವೆ. ಅಂಗಡಿ ಅಂಗಡಿಯ ಮುಂದೆ ನೀರಿನ ಹೂಜಿ ಇರುತ್ತದೆ. ಗಂಡಸರು ಕ್ಷೌರಕ್ಕೆ ಹೊರಡುವಾಗ, "ಇನ್ನರ್ಧ ಗಂಟೆ ನನ್ನ ನೆನೀಬೇಡ ಮಾರಾಯ್ತಿ, ಕತ್ತಿ ತಾಗುತ್ತೆ" ಎಂದು ಹೆಂಡತಿಗೆ ಹೇಳಿ ಹೋಗುತ್ತಾರೆ. ಪರೀಕ್ಷೆಯ ದಿನ ತಾಯಂದಿರು ಮಕ್ಕಳನ್ನು ಮರೆಯಲೆಂದೇ ದೊಡ್ಡ ದೊಡ್ಡ ಪಾತ್ರೆ ಇಳಿಸಿಕೊಂಡು ತಿಕ್ಕುತ್ತಾ ಕೂರುತ್ತಾರೆ. ಬಿಕ್ಕಳಿಸಿದವರನ್ನು "ಯಾರು?" ಎಂದು ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಒಂದು ಲೋಟ ನೀರು ಕೊಟ್ಟು ಸುಮ್ಮನಾಗಬೇಕು. ಬಿಕ್ಕಳಿಕೆಯಿಂದ ಹೊತ್ತು ತಿಳಿಯುತ್ತದೆ, ಹೆಸರು ತಿಳಿಯುವುದಿಲ್ಲ.

ಆ ಹೆಸರನ್ನು ಹುಡುಕಿಕೊಡುವುದು ನನ್ನ ಕೆಲಸವಾಗಿತ್ತು. ಹಿಟ್ಟಿನ ಗಿರಣಿಯ ಮಾಳಿಗೆಯಲ್ಲಿ ಎರಡು ಕೋಣೆ. ಮುಂದಿನದು ಆಫೀಸು, ಹಿಂದಿನದು ಮನೆ. ಬಾಗಿಲಿಗೆ 'ಇಂದುಮತಿ, ಪರವಾನಗಿ ಪಡೆದ ಪತ್ತೇದಾರರು' ಎಂಬ ತಗಡಿನ ಬೋರ್ಡು. ಮದುವೆಯಾಗುವ ವಯಸ್ಸು ಅಮ್ಮನ ಕಾಯಿಲೆಯಲ್ಲಿ ಕಳೆದುಹೋಯಿತು. ಅಮ್ಮ ಹೋದ ಮೇಲೆ ಧೋಂಡೂರಾಯರ ಹತ್ತಿರ ಟೈಪಿಸ್ಟಾಗಿ ಸೇರಿದೆ. ಅವರು ಕೋರ್ಟಿನಲ್ಲಿ ಅಮೀನರಾಗಿದ್ದು ನಿವೃತ್ತಿಯಾದ ಮೇಲೆ ಈ ಕೆಲಸ ಹಿಡಿದವರು. ನನಗೆ ಎಲ್ಲವನ್ನೂ ಕಲಿಸಿ, ಕಣ್ಣು ಮಂಜಾದ ಮೇಲೆ ಆಫೀಸಿನ ಬೀಗದ ಕೈಯನ್ನು ನನ್ನ ಕೈಗಿಟ್ಟು ಹೋದರು.

ಗಂಡ ಹೆಂಡತಿಯ ಮೇಲೆ, ಹೆಂಡತಿ ಗಂಡನ ಮೇಲೆ ಅನುಮಾನಪಟ್ಟು ಬರುವವರೇ ಹೆಚ್ಚು. ಬಂದವರಿಗೆ ಮೊದಲು ಪರವಾನಗಿಯ ಹಿಂಬದಿಯಲ್ಲಿ ಅಚ್ಚಾದ ನಿಯಮಗಳನ್ನು ಓದಿ ಹೇಳುತ್ತಿದ್ದೆ. ಯಾರ ಮನೆಯೊಳಗೂ ಕಾಲಿಡುವಂತಿಲ್ಲ. ಯಾರ ಕಾಗದವನ್ನೂ ಒಡೆಯುವಂತಿಲ್ಲ, ಫೋನಿಗೆ ಕಿವಿ ಕೊಡುವಂತಿಲ್ಲ, ಕಿಟಕಿಯಿಂದಾಚೆ ಕ್ಯಾಮೆರಾ ಹಿಡಿಯುವಂತಿಲ್ಲ. ಪೊಲೀಸರೆಂದು ಹೇಳಿಕೊಳ್ಳುವಂತಿಲ್ಲ. ಆಸೆ ತೋರಿಸಿ ಬೀಳಿಸುವಂತಿಲ್ಲ. ಬೀದಿ, ಬಸ್ಸು, ಮಾರ್ಕೆಟ್ಟು, ಪಾರ್ಕು, ಹೀಗೆ ಎಲ್ಲರೂ ಓಡಾಡುವ ಜಾಗದಲ್ಲಿ ಕಣ್ಣಿಗೆ ಬಿದ್ದದ್ದು, ಕಿವಿಗೆ ಬಿದ್ದದ್ದು, ಅಷ್ಟನ್ನೇ ಬರೆಯಬೇಕು. ಕಂಡದ್ದನ್ನು ಬಿಡಬಾರದು, ಕಾಣದ್ದನ್ನು ಸೇರಿಸಬಾರದು. ಎಂಟನೆಯ ನಿಯಮ ನಮ್ಮ ಊರಿನದೇ: 'ಹಿಂಬಾಲಿಸಲಾಗುತ್ತಿರುವವರ ಮೇಲೆ ಮನಸ್ಸಿಡತಕ್ಕದ್ದಲ್ಲ.' ಮನಸ್ಸಿಟ್ಟರೆ ಅವರು ಬಿಕ್ಕುತ್ತಾರೆ, ತನಿಖೆ ಮಾಡುವವರೇ ಸುಳ್ಳು ಸುಳುಹು ಹುಟ್ಟಿಸಿದಂತಾಗುತ್ತದೆ. ಸಿಕ್ಕಿಬಿದ್ದರೆ ಪರವಾನಗಿ ಹೋಗುತ್ತದೆ. ಧೋಂಡೂರಾಯರು ಇದಕ್ಕೊಂದು ಉಪಾಯ ಕಲಿಸಿದ್ದರು. ಹಿಂದೆ ನಡೆಯುವಾಗ ಮನಸ್ಸಿನಲ್ಲೇ ಮಗ್ಗಿ ಹೇಳಿಕೊಳ್ಳಬೇಕು, ಅದೂ ಕಷ್ಟದ್ದು. ನಾನು ಹದಿನೇಳರದ್ದು, ಹತ್ತೊಂಬತ್ತರದ್ದು ಹೇಳುತ್ತಿದ್ದೆ. ಹದಿನಾಲ್ಕು ವರ್ಷ ಅದು ನನ್ನ ಕೈಬಿಟ್ಟಿರಲಿಲ್ಲ.

ಮುರಿಗೆಪ್ಪನವರು ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಲಗ್ನಪತ್ರಿಕೆ, ಕರಪತ್ರ ಅಚ್ಚು ಹಾಕುವ ಪ್ರೆಸ್ಸಿನ ಮಾಲೀಕರು. ನಲವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಉಗುರಿನ ಸಂದಿಯಲ್ಲಿ ಮಾತ್ರ ತೊಳೆದರೂ ಹೋಗದ ಮಸಿ. ಕುರ್ಚಿಯ ತುದಿಯಲ್ಲಿ ಕೂತರು.

"ನನಗೆ ಕಾಮಾಲೆ ಆಗಿ ಒಂದು ತಿಂಗಳು ಮನೇಲಿ ಮಲಗಿದ್ದೆ ಮೇಡಂ. ಹೆಂಡತಿ ರಜೆ ಹಾಕಿ ನೋಡ್ಕೊಂಡ್ಲು. ನೋಡ್ಕೊಂಡಿದ್ದಕ್ಕೆ ಏನೂ ಅನ್ನೋ ಹಾಗಿಲ್ಲ. ಪಥ್ಯ, ಔಷಧಿ, ಎಲ್ಲಾ ಹೊತ್ತು ಹೊತ್ತಿಗೆ. ಆದ್ರೆ ದಿನಾ ಮಧ್ಯಾಹ್ನ ಮೂರು ಗಂಟೆ ಆಯ್ತು ಅಂದ್ರೆ ಅವಳಿಗೆ ಬಿಕ್ಕಳಿಕೆ ಶುರು. ಅರ್ಧ ಗಂಟೆ ಬಿಡ್ತಿರ್ಲಿಲ್ಲ. ಮಲಗಿದ್ದವನಿಗೆ ಬೇರೆ ಕೆಲಸ ಏನು, ಗಡಿಯಾರ ನೋಡೋದು, ಅವಳನ್ನ ನೋಡೋದು."

"ತವರಿನವರು ಯಾರಾದ್ರೂ?"

"ತವರಲ್ಲಿ ಈಗ ಯಾರೂ ಇಲ್ಲ. ಮಕ್ಕಳಾಗಲಿಲ್ಲ. ನೆನೆಯೋರು ಅಂತ ನಾನೊಬ್ಬ. ನಾನು ಎದುರಿಗೇ ಇದ್ದೆ."

"ಅವರನ್ನೇ ಕೇಳಬಹುದಿತ್ತಲ್ಲ?"

ಅವರು ನನ್ನ ಮುಖವನ್ನು ವಿಚಿತ್ರವಾಗಿ ನೋಡಿದರು. "ಹೆಂಗೆ ಕೇಳೋದು ಮೇಡಂ? ಹಂಗೆಲ್ಲ ಕೇಳ್ತಾರಾ ಯಾರಾದ್ರೂ?"

ನಾನು ನಿಯಮಗಳನ್ನು ಓದಿದೆ. ಬಿಕ್ಕಳಿಕೆಯನ್ನು ಕೋರ್ಟು ಸಾಕ್ಷಿಯೆಂದು ಒಪ್ಪುವುದಿಲ್ಲ ಎಂಬುದನ್ನೂ ಹೇಳಿದೆ. ಆರು ವಾರದ ಕರಾರಿಗೆ ಅವರು ರುಜು ಹಾಕಿದರು. ಆಮೇಲೆ ಎಲ್ಲರಿಗೂ ಹೇಳುವ ಮಾತನ್ನೇ ಅವರಿಗೂ ಹೇಳಿದೆ: "ತನಿಖೆ ಮುಗಿಯೋವರೆಗೂ ನೀವು ಅವರ ಮೇಲೆ ಮನಸ್ಸಿಡಬೇಡಿ. ನಿಮ್ಮಿಂದ ಬಂದ ಬಿಕ್ಕಳಿಕೆ ಯಾವುದು, ಬೇರೆಯವರದ್ದು ಯಾವುದು ಅಂತ ಗೊತ್ತಾಗದೆ ಗೊಂದಲ ಆಗುತ್ತೆ."

"ಮನೇಲೇ ಇರೋ ಹೆಂಡತೀನ ಹೆಂಗೆ ಮೇಡಂ ನೆನೀದೆ ಇರೋದು?"

"ಪ್ರೂಫ್ ತಿದ್ದುತ್ತೀರಲ್ಲ, ಮನೆಗೂ ತಗೊಂಡು ಹೋಗಿ. ಅದರಲ್ಲಿ ಮುಳುಗಿ."

"ಅದು ಸರಿ," ಎಂದರು. "ಪ್ರೂಫ್ ಹಿಡಿದ್ರೆ ನನಗೆ ದೇವರೂ ನೆನಪಾಗಲ್ಲ."

ಹೀಗೆ, ಹೆಂಡತಿಯನ್ನು ಮನಸ್ಸಿನಿಂದ ಆಚೆ ಇಡುವುದನ್ನು ಆ ಮನುಷ್ಯನಿಗೆ ನಾನೇ ಕಲಿಸಿ ಕಳಿಸಿದೆ.

ಮುರಿಗೆಪ್ಪನವರ ಹೆಂಡತಿ ಶಿವಗಂಗಮ್ಮ ಹೆಣ್ಣುಮಕ್ಕಳ ಹೊಲಿಗೆ ಶಾಲೆಯಲ್ಲಿ ಟೀಚರು. ಮೂವತ್ತೆಂಟು ವರ್ಷ. ಸಾಧಾರಣ ಎತ್ತರ, ಎಣ್ಣೆಗೆಂಪು ಬಣ್ಣ, ನಡೆಯುವಾಗ ಬಲಗೈ ಹೆಚ್ಚು ಬೀಸುತ್ತಿದ್ದರು. ಹತ್ತಕ್ಕೆ ಶಾಲೆ, ಐದಕ್ಕೆ ಬಿಡುವು. ಬಿಟ್ಟ ಮೇಲೆ ತರಕಾರಿ, ಕೆಲವೊಮ್ಮೆ ದಾರದುಂಡೆ, ಗುಂಡಿ, ಆಮೇಲೆ ಕೆರೆಯ ಏರಿಯ ಮೇಲಿನ ಕಲ್ಲುಬೆಂಚಿನಲ್ಲಿ ಒಂದು ಇಪ್ಪತ್ತು ನಿಮಿಷ. ಅಲ್ಲಿ ಅವರು ಒಬ್ಬರೇ ಕೂರುತ್ತಿದ್ದರು. ಯಾರೂ ಬರುತ್ತಿರಲಿಲ್ಲ, ಯಾರಿಗೂ ಕಾದಂತೆಯೂ ಇರಲಿಲ್ಲ. ಹುರಿದ ಶೇಂಗಾ ಸುಲಿದು ತಿಂದು, ಸಿಪ್ಪೆಯನ್ನು ಸೆರಗಿನಲ್ಲೇ ಕಟ್ಟಿಕೊಂಡು, ಎದ್ದು ಮನೆಗೆ ಹೋಗುತ್ತಿದ್ದರು. ಮೊದಲ ಐದು ದಿನ ನಾನು ಬರೆದದ್ದು ಇಷ್ಟೇ.

ಆರನೆಯ ದಿನ ಬಸ್ ನಿಲ್ದಾಣದಲ್ಲಿ ತುಂಬಾ ನೂಕುನುಗ್ಗಲು. ಬಸ್ಸಿನಿಂದ ಇಳಿದ ಒಬ್ಬ ಹೆಂಗಸಿನ ರವಿಕೆ ಬೆನ್ನಿನ ಹತ್ತಿರ ಜರ್ರೆಂದು ಹರಿಯಿತು. ಮೂಟೆ ಹೊರುವಂಥ ಕೆಲಸದವಳಿರಬೇಕು, ಒರಟು ಕೈ, ಮಾಸಿದ ಸೀರೆ. ಸೆರಗು ಎಳೆದುಕೊಳ್ಳಲೂ ಆಗದೆ ಗೋಡೆಗೆ ಒತ್ತಿ ನಿಂತುಬಿಟ್ಟಳು. ಶಿವಗಂಗಮ್ಮ ತಮ್ಮ ಬಸ್ಸು ಹತ್ತಲು ಕಾಲೆತ್ತಿದ್ದವರು ಇಳಿದರು. ಆಕೆಯ ಹತ್ತಿರ ಹೋಗಿ, "ಅಲ್ಲಾಡಬೇಡ ತಾಯಿ" ಎಂದಷ್ಟೇ ಹೇಳಿ, ತಮ್ಮ ಸೆರಗನ್ನು ಬಿಚ್ಚಿ ಹರಡಿ ಮರೆ ಮಾಡಿದರು. ತಮ್ಮ ರವಿಕೆಯ ಅಂಚಿನಲ್ಲಿ ಚುಚ್ಚಿಕೊಂಡಿದ್ದ, ದಾರ ಪೋಣಿಸಿದ ಸೂಜಿ ತೆಗೆದು, ನಿಂತಲ್ಲೇ ಹೊಲಿದರು. ಎರಡು ನಿಮಿಷ ಹಿಡಿಯಿತೋ ಇಲ್ಲವೋ. ದಾರವನ್ನು ಹಲ್ಲಿನಿಂದ ಕಡಿದು, ಬೆನ್ನು ತಟ್ಟಿ, ಹಿಂದೆ ನೋಡದೆ ಹೊರಟರು. ಬಸ್ಸು ಹೋಗಿಬಿಟ್ಟಿತ್ತು. ನಡೆದೇ ಹೋದರು.

ನಾನು ಬೀಡಾ ಅಂಗಡಿಯ ಪಕ್ಕ ನಿಂತಿದ್ದೆ. ಹದಿನೇಳು ಏಳಲ ನೂರಾ ಹತ್ತೊಂಬತ್ತು ಎಂಬಲ್ಲಿಗೆ ಮಗ್ಗಿ ನಿಂತುಹೋಯಿತು. ಮುಂದಿನದು ನೆನಪಾಗಲಿಲ್ಲ.

ಬೀದಿಯಲ್ಲಿ ಮತ್ತೆ ಮಗ್ಗಿ ಹಿಡಿದುಕೊಂಡೆ. ಹಿಂಬಾಲಿಸುವಾಗ ನಾನು ತಪ್ಪಲಿಲ್ಲ, ಇದನ್ನು ಈಗಲೂ ಹೇಳಬಲ್ಲೆ. ತಪ್ಪಿದ್ದು ಮನೆಯಲ್ಲಿ. ಬೆಳಿಗ್ಗೆ ಹಾಲು ಉಕ್ಕುವುದನ್ನು ಕಾಯುತ್ತಾ ನಿಂತಾಗ, ಆಕೆ ಈಗ ಎದ್ದಿರುತ್ತಾರೆ ಅನ್ನಿಸುವುದು. ಬಟ್ಟೆ ಒಣಹಾಕುವಾಗ ಆ ಬೀಸುವ ಬಲಗೈ ಕಣ್ಣೆದುರು ಬರುವುದು. ಭಾನುವಾರ ಅನ್ನ ಬಡಿಸಿಕೊಂಡು ಕೂತರೆ, ಆಕೆ ಏನು ಅಡುಗೆ ಮಾಡಿರಬಹುದು ಎಂದುಕೊಳ್ಳುತ್ತಿದ್ದೆ. ನಾನು ಅದನ್ನು ನೆನೆಯುವುದು ಎಂದು ಕರೆಯಲಿಲ್ಲ. ಕೆಲಸದ ಬಗ್ಗೆ ಯೋಚಿಸುತ್ತಿದ್ದೇನೆ ಎಂದುಕೊಂಡೆ. ಹದಿನಾಲ್ಕು ವರ್ಷದಲ್ಲಿ ಯಾವ ಕೆಲಸವೂ ನನ್ನ ಒಲೆಯ ಮುಂದಕ್ಕೆ ಬಂದಿರಲಿಲ್ಲ ಎಂಬುದು ಆಗ ಹೊಳೆಯಲಿಲ್ಲ. ಅದಕ್ಕೆ ಏನು ಹೆಸರೋ ನನಗೆ ಇವತ್ತಿಗೂ ಗೊತ್ತಿಲ್ಲ. ನನಗೊಬ್ಬ ತಂಗಿ ಇದ್ದಿದ್ದರೆ ಹೀಗೇ ಇರುತ್ತಿತ್ತೋ ಏನೋ.

ಎರಡನೆಯ ವಾರ ಮೂರು ಗಂಟೆಯ ಬಿಕ್ಕಳಿಕೆಯ ಗುಟ್ಟು ತಾನಾಗಿಯೇ ಬಿಚ್ಚಿಕೊಂಡಿತು. ಹೊಲಿಗೆ ಶಾಲೆಯ ಹುಡುಗಿಯರು ನಿಲ್ದಾಣದಲ್ಲಿ ನನ್ನ ಪಕ್ಕದಲ್ಲೇ ನಿಂತು ಹರಟುತ್ತಿದ್ದರು. ಒಬ್ಬಳು ಹೇಳಿದಳು: "ಟೀಚರ್ ರಜಾ ಹಾಕಿದ್ದ ತಿಂಗಳು ಮೂರು ಗಂಟೆ ಕ್ಲಾಸು ನರಕ ಕಣೇ. ಆ ಇನ್ನೊಬ್ರು ಬಂದು ಬರೀ ಬೈಯೋರು. ಟೀಚರ್ ಯಾವಾಗ ಬರ್ತಾರೋ ಅಂತ ಎಲ್ರೂ ಬಾಗಿಲು ನೋಡ್ತಾ ಕೂತಿರ್ತಿದ್ವಿ." ಇಪ್ಪತ್ತೆರಡು ಹುಡುಗಿಯರು, ಮೂರು ಗಂಟೆಯ ತರಗತಿ. ಇಷ್ಟೇ ಇದ್ದದ್ದು. ಎಲ್ಲರೂ ಓಡಾಡುವ ಜಾಗದಲ್ಲಿ ಕಿವಿಗೆ ಬಿದ್ದ ಮಾತು, ಬರೆಯಲು ಯಾವ ಅಡ್ಡಿಯೂ ಇರಲಿಲ್ಲ. ಅವತ್ತೇ ಪ್ರೆಸ್ಸಿಗೆ ಹೋಗಿ ಮುರಿಗೆಪ್ಪನವರಿಗೆ ಹೇಳಿ ಕಡತ ಮುಚ್ಚಬಹುದಿತ್ತು.

ಮುಚ್ಚಲಿಲ್ಲ. ಆರು ವಾರದ ಕರಾರು ಇದೆ, ಪೂರ್ತಿ ಮಾಡಿದರೆ ವರದಿ ಗಟ್ಟಿಯಾಗುತ್ತದೆ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಕಡತ ಮುಚ್ಚಿದ ಮರುದಿನದಿಂದ ಆ ಕಲ್ಲುಬೆಂಚಿನ ಎದುರಿಗೆ ನಿಲ್ಲಲು ನನಗೆ ನೆಪವಿರುವುದಿಲ್ಲ ಎಂಬುದು ನಿಜವಾದ ಕಾರಣ.

ಮೂರನೆಯ ವಾರದಿಂದ ಶಿವಗಂಗಮ್ಮನಲ್ಲಿ ಒಂದು ಬದಲಾವಣೆ ಕಂಡಿತು. ಹೂವಿನವಳ ಹತ್ತಿರ ನಿಂತು ಒಂದು ಮೊಳ ಕನಕಾಂಬರ ತೆಗೆದುಕೊಳ್ಳತೊಡಗಿದರು. ಬಳೆ ಅಂಗಡಿಯಲ್ಲಿ ಹಸಿರು ಗಾಜಿನ ಬಳೆ ಇಡಿಸಿಕೊಂಡರು. ಬಟ್ಟೆಯಂಗಡಿಯ ಕನ್ನಡಿ ಎದುರಾದರೆ ಒಂದು ಗಳಿಗೆ ನಿಂತು ಕೂದಲು ಸರಿಮಾಡಿಕೊಳ್ಳುತ್ತಿದ್ದರು. ಏರಿಯ ಮೇಲೆ ಕೂತು ಸಣ್ಣದಾಗಿ ಏನೋ ಗುನುಗುತ್ತಿದ್ದರು. ಮುಖ ಬಿಚ್ಚಿಕೊಂಡಿತ್ತು. ನಾನು ಎಲ್ಲವನ್ನೂ ದಿನಾಂಕ ಹಾಕಿ ಬರೆದೆ. ಹಾಗಾದರೆ ಯಾರೋ ಇದ್ದಾನೆ ಅನ್ನಿಸಿತು. ಎಲ್ಲಿ, ಯಾವಾಗ ಎಂದು ನನಗೆ ಸಿಗುತ್ತಿಲ್ಲ, ಆದರೆ ಇದ್ದಾನೆ. ಮುಖ ಕಾಣದ ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬಂತು. ಅವನನ್ನು ಹುಡುಕುವ ನೆಪದಲ್ಲಿ ಆಕೆಯ ಬಗ್ಗೆ ಇನ್ನಷ್ಟು ಯೋಚಿಸಿದೆ, ಬೆಳಿಗ್ಗೆ ಎದ್ದಾಗಿನಿಂದ.

ಆರು ವಾರ ಮುಗಿದ ಸೋಮವಾರ ಹನ್ನೊಂದು ಗಂಟೆಗೆ ಮುರಿಗೆಪ್ಪನವರು ಬಂದರು. ನಾನು ವರದಿ ಕೊಟ್ಟೆ. ಒಂಬತ್ತು ಹಾಳೆ. ಪರಪುರುಷರ ಜೊತೆ ಮಾತು, ಭೇಟಿ, ಓಡಾಟ ಯಾವುದೂ ಕಂಡುಬಂದಿಲ್ಲ; ಮೂರು ಗಂಟೆಯ ಬಿಕ್ಕಳಿಕೆಗೆ ಕಾರಣ ಹೊಲಿಗೆ ಶಾಲೆಯ ಹುಡುಗಿಯರು. ಅವರು ಪ್ರೂಫ್ ನೋಡುವವರ ಹಾಗೆ ಬೆರಳಿಟ್ಟು ಒಂದೊಂದು ಸಾಲನ್ನೂ ಓದಿದರು. ಕನಕಾಂಬರ ಬಂದಲ್ಲಿ ಬೆರಳು ನಿಂತಿತು. ಹಸಿರು ಬಳೆ ಬಂದಲ್ಲಿ ಮತ್ತೆ ನಿಂತಿತು.

"ಶಾಲೆ ಹುಡುಗಿಯರದ್ದು ಒಪ್ಪಿದೆ ಮೇಡಂ," ಎಂದರು. "ಅದು ಆವಾಗಿನ ಮಾತು. ಈಗಿನದ್ದಕ್ಕೆ ಏನಂತೀರಿ?"

ಚೀಲದಿಂದ ಒಂದು ಕಟ್ಟು ತೆಗೆದರು. ಪ್ರೆಸ್ಸಿನಲ್ಲಿ ಕತ್ತರಿಸಿ ಉಳಿದ ಕಾಗದದ ಪಟ್ಟಿಗಳು, ಹಿಂದೆ ಮುಂದೆ ಬರೆದದ್ದು. "ಬೆಳಿಗ್ಗೆ, ಸಾಯಂಕಾಲ, ಭಾನುವಾರ, ನಾನು ಮನೇಲಿದ್ದಾಗ ಬಂದದ್ದು ಮಾತ್ರ ಬರೆದಿದ್ದೀನಿ. ನೀವು ಹೇಳಿದ ಹಾಗೆ ನಾನು ಅವಳ ಕಡೆ ಮನಸ್ಸು ಕೊಟ್ಟಿಲ್ಲ. ಪ್ರೂಫ್ ಬಿಟ್ಟು ತಲೆ ಎತ್ತಿಲ್ಲ. ಮೊದಲು ಕಷ್ಟ ಆಯ್ತು, ಆಮೇಲೆ ರೂಢಿ ಆಯ್ತು. ನನ್ನಿಂದ ಒಂದು ಬಿಕ್ಕಳಿಕೇನೂ ಬಂದಿಲ್ಲ ಅಂತ ಪ್ರಮಾಣ ಮಾಡ್ತೀನಿ. ಆದ್ರೂ ನೋಡಿ."

ನೋಡಿದೆ. ಅಚ್ಚುಕಟ್ಟಾದ ಅಕ್ಷರ. ಮೊದಲ ವಾರ ಹೆಚ್ಚೇನೂ ಇರಲಿಲ್ಲ. ಎರಡನೆಯ ವಾರದಿಂದ ಪಟ್ಟಿ ತುಂಬತೊಡಗಿತ್ತು. ಬೆಳಿಗ್ಗೆ ಆರೂ ಹತ್ತು, ದಿನವೂ. ನಾನು ಹಾಲಿಡುವ ಹೊತ್ತು. ಏಳೂ ಮುಕ್ಕಾಲು. ನಾನು ಬಟ್ಟೆ ಒಣಹಾಕುವ ಹೊತ್ತು. ಭಾನುವಾರ ಒಂದೂವರೆ, ಬಿಡದೆ ಕಾಲು ಗಂಟೆ. ಇರಲಾರದು ಎಂದುಕೊಂಡು ಪಟ್ಟಿಗಳನ್ನು ಮಗುಚುತ್ತಾ ಹೋದೆ. ನಾಲ್ಕನೆಯ ಭಾನುವಾರದ ಎದುರಿಗೆ ಅವರು ಬರೆದಿದ್ದರು: 'ಇಡೀ ದಿನ ಒಂದೂ ಇಲ್ಲ.' ಆ ಭಾನುವಾರ ನನಗೆ ವಿಪರೀತ ಜ್ವರ. ಮಾತ್ರೆ ನುಂಗಿ ಎಚ್ಚರವಿಲ್ಲದೆ ಮಲಗಿದ್ದೆ.

"ಯಾರು ಮೇಡಂ ಇದು?" ಅವರು ಮುಂದಕ್ಕೆ ಬಗ್ಗಿದರು. "ಹೊತ್ತು ಹೊತ್ತಿಗೂ ನೆನೀತಾನಲ್ಲ. ನಾನು ಮದುವೆಯಾದ ಹೊಸದರಲ್ಲೂ ಇಷ್ಟು ನೆನೆದಿಲ್ಲ ಅವಳನ್ನ."

'ನಾನು' ಎನ್ನಬೇಕಿತ್ತು. ಒಂದೇ ಮಾತು. ಹೇಳಿದ್ದರೆ ಅವರು ಬೈಯುತ್ತಿದ್ದರು, ದೂರು ಕೊಡುತ್ತಿದ್ದರು, ಪರವಾನಗಿ ಹೋಗುತ್ತಿತ್ತು, ಊರು ನಕ್ಕು ಸುಮ್ಮನಾಗುತ್ತಿತ್ತು. ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ಪರವಾನಗಿಯ ಕಡೆ ನನ್ನ ಕಣ್ಣು ಹೋಯಿತು. ಬಾಯಿಂದ ಬಂದದ್ದು ಬೇರೆ ಮಾತು.

"ಕಾಣದೇ ಇರೋದನ್ನ ನಾನು ಹೇಳೋ ಹಾಗಿಲ್ಲ ಮುರಿಗೆಪ್ಪನವರೇ. ನಿಯಮ."

ಅವರು ತಲೆಯಾಡಿಸಿದರು. ವರದಿಯನ್ನು ಮಡಚಿ ಚೀಲಕ್ಕಿಟ್ಟುಕೊಂಡು, ನಮಸ್ಕಾರ ಹೇಳಿ, ಮೆಟ್ಟಿಲಿಳಿದರು. ಕೆಳಗೆ ಗಿರಣಿಯ ಸದ್ದಿನಲ್ಲಿ ಅವರ ಹೆಜ್ಜೆ ಕೇಳಿಸದಂತಾಗುವವರೆಗೂ ನಾನು ಎದ್ದು ನಿಂತೇ ಇದ್ದೆ. ಕರೆಯಲು ಅಷ್ಟು ಹೊತ್ತು ಇತ್ತು.

ಹತ್ತು ದಿನದ ಮೇಲೆ ಅದೇ ನಿಲ್ದಾಣದಲ್ಲಿ ಅದೇ ಹುಡುಗಿಯರ ಬಾಯಿಂದ ಸುದ್ದಿ ತಿಳಿಯಿತು. ಟೀಚರ್ ಕೆಲಸ ಬಿಟ್ಟಿದ್ದರು, ಊರನ್ನೂ ಬಿಟ್ಟಿದ್ದರು. ಮನೆಯಲ್ಲಿ ಮಾತಿಗೆ ಮಾತು ಬೆಳೆದು, ಗಂಡ ನನ್ನ ವರದಿಯನ್ನೂ ಆ ಪಟ್ಟಿಗಳನ್ನೂ ಆಕೆಯ ಮುಂದೆ ಎಸೆದರಂತೆ. ಹಿರಿಯರು ನಾಲ್ಕು ಜನ ಕೂತು ಕೇಳಿದರಂತೆ. ಆಕೆ ಬಾಯಿಬಿಡಲಿಲ್ಲವಂತೆ. ಒಂದು ಟ್ರಂಕು, ಒಂದು ಹೊಲಿಗೆ ಯಂತ್ರ ಜಟಕಾದಲ್ಲಿ ಹಾಕಿಕೊಂಡು ಸೇತುವೆ ದಾಟಿ ಹೋದರಂತೆ.

ನಾನು ಪ್ರೆಸ್ಸಿಗೆ ಹೋದೆ. ಎರಡು ಸಲ ಬಾಗಿಲವರೆಗೆ ಹೋಗಿ ವಾಪಸಾಗಿ, ಮೂರನೆಯ ಸಲ ಒಳಗೆ ಕಾಲಿಟ್ಟೆ. ಮುರಿಗೆಪ್ಪನವರು ಯಾರದೋ ಲಗ್ನಪತ್ರಿಕೆಗೆ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಗಡ್ಡ ಬಂದಿತ್ತು. ಅಂಗಿಗೆ ಇಸ್ತ್ರಿ ಇರಲಿಲ್ಲ.

"ಬನ್ನಿ ಮೇಡಂ. ಏನಾದ್ರೂ ಗೊತ್ತಾಯ್ತಾ?" ಎಂದು ಎದ್ದರು. ಕಣ್ಣಿನಲ್ಲಿ ಅಷ್ಟು ಆಸೆ.

"ಇಲ್ಲ, ವಿಸಿಟಿಂಗ್ ಕಾರ್ಡು ಮಾಡಿಸಬೇಕಿತ್ತು," ಎಂದೆ.

ನೂರು ಕಾರ್ಡು ಮಾಡಿಸಿಕೊಂಡು ಬಂದೆ. ಒಂದನ್ನೂ ಯಾರಿಗೂ ಕೊಡಲಿಲ್ಲ.

ಆಮೇಲೂ ಎರಡು ವರ್ಷ ಕೆಲಸ ಮಾಡಿದೆ. ಮಾಡಿದೆ ಎಂದರೆ, ಬಂದವರಿಗೆ ನಿಯಮ ಓದಿ ಹೇಳಿದೆ, ಬೀದಿಯಲ್ಲಿ ನಿಂತೆ, ಬರೆದೆ. ನೆನೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಆಕೆ ಸೇತುವೆಯ ಆಚೆಗಿದ್ದರಲ್ಲ, ಇನ್ನು ನನ್ನಿಂದ ಏನೂ ಆಗುವಂತಿರಲಿಲ್ಲ. ಎಷ್ಟು ಬೇಕಾದರೂ ನೆನೆಯಬಹುದಿತ್ತು. ಆದರೆ ನೆನೆದಾಗಲೆಲ್ಲ ಆ ಕಾಗದದ ಪಟ್ಟಿಗಳೂ ಜೊತೆಯಲ್ಲೇ ಬರುತ್ತಿದ್ದವು. ಕೊನೆಗೊಂದು ದಿನ, ಹೇಳಿಬಿಡುವುದೇ ಸರಿ ಎಂದು ತೀರ್ಮಾನಿಸಿ ಬೆಳಗಿನ ಬಸ್ಸು ಹತ್ತಿದೆ. ಮೊದಲು ಆಕೆಗೆ ಹೇಳುವುದು, ಆಮೇಲೆ ಮುರಿಗೆಪ್ಪನವರಿಗೆ ಬರೆದುಕೊಡುವುದು. ಗಂಡ ಬಂದು ಕರೆದುಕೊಂಡು ಹೋಗುತ್ತಾರೆ, ಇಬ್ಬರೂ ನನ್ನನ್ನು ಶಪಿಸುತ್ತಾ ಸುಖವಾಗಿರುತ್ತಾರೆ. ಬಸ್ಸಿನಲ್ಲಿ ಕೂತು ಇದೆಲ್ಲವನ್ನೂ ಎಷ್ಟು ಚೆಂದವಾಗಿ ಜೋಡಿಸಿಕೊಂಡಿದ್ದೆ.

ಆಚೆಯ ಊರಿನಲ್ಲಿ ಹೊಲಿಗೆಯವರ ಅಂಗಡಿ ಕೇಳಿದ ಕೂಡಲೇ ತೋರಿಸಿದರು. ರಸ್ತೆಗೆ ತೆರೆದ ಸಣ್ಣ ಕೋಣೆ, ಮೇಲೆ ತಂತಿಯಲ್ಲಿ ತೂಗುವ ರವಿಕೆಗಳು. ಶಿವಗಂಗಮ್ಮ ಕನ್ನಡಕ ಹಾಕಿಕೊಂಡಿದ್ದರು. ಸ್ವಲ್ಪ ದಪ್ಪವಾಗಿದ್ದರು. ಅಳತೆ ಕೊಡಲು ಬಂದವಳೆಂದು ತಿಳಿದು ಟೇಪು ತೆಗೆದುಕೊಂಡರು.

"ಅಳತೆಗೆ ಬಂದಿಲ್ಲ ಅಮ್ಮ," ಎಂದೆ. "ನಾನು ಇಂದುಮತಿ ಅಂತ. ನಿಮ್ಮ ಮನೆಯವರು ನಿಮ್ಮನ್ನ ಹಿಂಬಾಲಿಸೋಕೆ ಹೇಳಿದ್ದರಲ್ಲ, ಆ ಪತ್ತೇದಾರಳು."

ಆಕೆ ಟೇಪನ್ನು ಕೆಳಗಿಟ್ಟರು. ಸಿಟ್ಟಾಗಲಿಲ್ಲ. ಸ್ಟೂಲು ತೋರಿಸಿದರು. "ಅವರು ಎಸೆದ ಕಾಗದದಲ್ಲಿ ನಿಮ್ಮ ಹೆಸರು ಇತ್ತು. ಏನೂ ಕಂಡಿಲ್ಲ ಅಂತ್ಲೇ ಬರ್ದಿದ್ರಿ. ನಿಮ್ಮ ಮೇಲೆ ನನಗೆ ಬೇಜಾರಿಲ್ಲ. ಕೂತ್ಕೊಳ್ಳಿ."

ಕೂತೆ. ಬಸ್ ನಿಲ್ದಾಣದ ರವಿಕೆಯಿಂದ ಹಿಡಿದು ಜ್ವರದ ಭಾನುವಾರದವರೆಗೆ ಒಂದನ್ನೂ ಬಿಡದೆ ಹೇಳಿದೆ. ಹೇಳುವಾಗ ಆಕೆಯ ಮುಖ ನೋಡಲಿಲ್ಲ. ಯಂತ್ರದ ಮೇಲಿನ ಬಟ್ಟೆಯ ಚುಕ್ಕಿಗಳನ್ನು ನೋಡುತ್ತಿದ್ದೆ. ಮುಗಿಸಿ ತಲೆ ಎತ್ತಿದಾಗ ಆಕೆ ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು.

"ಎಲ್ಲಾ ನಿಮ್ದೇನಾ?"

"ಎಲ್ಲಾ ನಂದೇ ಅಮ್ಮ. ಕೈ ಮುಗೀತೀನಿ. ಈಗಲೇ ನಿಮ್ಮ ಮನೆಯವರಿಗೆ ಬರೆದುಕೊಡ್ತೀನಿ. ಅವರು ಬಂದೇ ಬರ್ತಾರೆ."

ಆಕೆ ಕನ್ನಡಕವನ್ನು ಯಂತ್ರದ ಮೇಲಿಟ್ಟರು. ಆಮೇಲೆ ನನಗೆ ಹೇಳುವಂತಲ್ಲ, ತಮಗೇ ಹೇಳಿಕೊಳ್ಳುವಂತೆ ಶುರು ಮಾಡಿದರು.

"ಮದುವೆಯಾಗಿ ಹದಿನಾರು ವರ್ಷ. ನಮ್ಮನೆಯವ್ರು ಕೆಟ್ಟೋರಲ್ಲ. ಮಾತು ಕಮ್ಮಿ. ನನ್ನ ಕಡೆ ಒಂದು ಸಲ ನೋಡಿದ್ರೆ ದೊಡ್ಡದು. ಆ ದಿನಗಳಲ್ಲಿ ಅವ್ರು ಪ್ರೂಫ್ ಮನೆಗೇ ತರೋಕೆ ಶುರು ಮಾಡಿದ್ರು. ಒಲೆ ಮುಂದೆ ನಾನು, ಪಡಸಾಲೇಲಿ ಅವ್ರು. ತಲೆ ಬಗ್ಗಿಸಿಕೊಂಡು ಕೂತಿರೋರು, ನನಗೆ ಬಿಕ್ಕಳಿಕೆ ಬರೋದು. ಮೇಲೆ ನೋಡಲ್ಲ, ಮಾತಾಡಲ್ಲ, ಒಳಗೊಳಗೇ ಹೆಂಗೆ ನೆನೀತಾರೆ ನೋಡು ಅಂದ್ಕೊಳ್ತಿದ್ದೆ. ಈ ವಯಸ್ಸಲ್ಲಿ ಇದೇನು ಇವರಿಗೆ ಅಂತ ನಗೂನೂ ಬರೋದು. ಹೂವು ತಗೊಂಡೆ, ಬಳೆ ಹಾಕ್ಕೊಂಡೆ. ಎಲ್ಲಾ ನೀವು ಬರ್ದಿದ್ರಲ್ಲ."

ನಾನು ಮತ್ತೆ ಬಟ್ಟೆಯ ಚುಕ್ಕಿಗಳ ಕಡೆ ನೋಡಿದೆ.

"ಅವ್ರು ಜಗಳ ತೆಗೆದ ದಿನ, ಯಾರು ಅಂತ ಕೇಳಿದ್ರು. ನೀವೇ ಅಲ್ವಾ ಅಂದೆ. ಅಣಕಿಸ್ತಾಳೆ ಅಂತ ಇನ್ನೂ ಸಿಟ್ಟು ಬಂತು ಅವ್ರಿಗೆ. ಹಿರೀರ ಮುಂದೆ ಮತ್ತೆ ಹೇಳೋಕೆ ನಾಚಿಕೆ ಆಯ್ತು. ಈ ಕಡೆ ಬಂದ ಮೇಲೆ ಕೂತು ಯೋಚ್ನೆ ಮಾಡಿದೆ. ಅನುಮಾನ ಹತ್ತಿ ಹಗಲೂ ರಾತ್ರೀನೂ ನನ್ನನ್ನೇ ನೆನೀತಿದ್ರು, ಪಾಪ, ಅದು ತಮ್ದೇ ಅಂತ ಅವ್ರಿಗೇ ಗೊತ್ತಾಗ್ಲಿಲ್ಲ ಅಂದ್ಕೊಂಡೆ. ಅನುಮಾನದಲ್ಲಾದ್ರೂ ಅಷ್ಟು ನೆನೆದ್ರಲ್ಲ. ಎರಡು ವರ್ಷ ಅದೊಂದು ಸಾಕಾಗಿತ್ತು ನನಗೆ."

"ಅಮ್ಮ, ನಾನು ಬರೆದುಕೊಟ್ರೆ..."

"ಬೇಡ." ದನಿ ಏರಲಿಲ್ಲ. "ಬರೆದ್ರೆ ಅವ್ರು ಬರ್ತಾರೆ, ಗೊತ್ತು. ತಪ್ಪಾಯ್ತು ಬಾ ಅಂತಾರೆ. ನಿನ್ನೆ ಬಂದಿದ್ರೂ ಹೋಗ್ತಿದ್ದೆ. ಬೈದವ್ರು, ಹೊರಗೆ ಹಾಕಿದವ್ರು, ಏನಾದ್ರೂ ಆಗ್ಲಿ, ಇಡೀ ದಿನ ನನ್ನ ನೆನೆಯೋ ಗಂಡ ಅಂತ ಹೋಗ್ತಿದ್ದೆ. ಈಗ ಯಾರ ಹತ್ರ ಅಂತ ಹೋಗ್ಲಿ?"

ರಸ್ತೆಯಲ್ಲಿ ಯಾರೋ ಹೆಂಗಸು ರವಿಕೆ ಆಯಿತೇ ಎಂದು ಕೂಗಿದಳು. ಶಿವಗಂಗಮ್ಮ ಕನ್ನಡಕ ಹಾಕಿಕೊಂಡು ಎದ್ದು, ತಂತಿಯಿಂದ ಒಂದನ್ನು ಇಳಿಸಿ, ಮಡಚಿ ಕೊಟ್ಟು ಬಂದರು. ನಾನು ಇನ್ನೂ ಕೂತೇ ಇದ್ದೆ. ಆಕೆ ನನ್ನ ಹತ್ತಿರ ನಿಂತು, ಬೈಗುಳವೂ ಅಲ್ಲದ ಸಮಾಧಾನವೂ ಅಲ್ಲದ ದನಿಯಲ್ಲಿ ಹೇಳಿದರು:

"ಆವಾಗ ಹೇಳಬೇಕಿತ್ತು ನೀವು. ಆವಾಗ ಹೇಳಲಿಲ್ಲ ಅಂದ ಮೇಲೆ, ಈಗ ಹೇಳಬಾರದಿತ್ತು."

ವಾಪಸು ಬಂದ ಮರುದಿನವೇ ಪರವಾನಗಿಯನ್ನು ಕಚೇರಿಗೆ ಒಪ್ಪಿಸಿದೆ. ಕಾರಣ ಏನೆಂದು ಗುಮಾಸ್ತ ಕೇಳಿದ; ವಯಸ್ಸಾಯಿತು ಎಂದೆ. ಈಗ ಗಿರಣಿಯ ಲೆಕ್ಕದ ಕೆಲಸ ನೋಡಿಕೊಂಡಿದ್ದೇನೆ. ಮುರಿಗೆಪ್ಪನವರು ತಿಂಗಳಿಗೊಮ್ಮೆ ಜೋಳ ಬೀಸಿಸಲು ಬರುತ್ತಾರೆ, ಒಬ್ಬರಿಗೆ ಸಾಕಾಗುವಷ್ಟು. ತಲೆ ಪೂರ್ತಿ ಬೆಳ್ಳಗಾಗಿದೆ. ಹಿಟ್ಟು ಬೀಳುವುದನ್ನು ಕಾಯುತ್ತಾ ನಿಂತವರು, ಜನ ಕಡಿಮೆಯಾದಾಗ ನನ್ನ ಕಡೆ ಬಗ್ಗಿ ಪ್ರತಿ ಸಲವೂ ಅದನ್ನೇ ಕೇಳುತ್ತಾರೆ.

"ಅವನು ಯಾರು ಅಂತ ಕೊನೆಗೂ ಗೊತ್ತಾಗ್ಲಿಲ್ಲ, ಅಲ್ವಾ ಮೇಡಂ?"

ಬೇಡ ಎಂದ ಆಕೆಯ ಮಾತನ್ನು ಮೀರುವ ಹಾಗಿಲ್ಲ. "ಇಲ್ಲ ಮುರಿಗೆಪ್ಪನವರೇ," ಎನ್ನುತ್ತೇನೆ. ಅವರು ಬೆಚ್ಚಗಿನ ಹಿಟ್ಟಿನ ಚೀಲವನ್ನು ಎದೆಗವಚಿಕೊಂಡು ನಿಧಾನವಾಗಿ ಮನೆಯ ಕಡೆ ನಡೆಯುತ್ತಾರೆ.